ಇದ್ದಿಲಕ್ಕ ತೋರಿಸಿದ ಮೋಟುಗಳು

ಸೇಲಂನ ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿಯವನ ಗಾಡಿ ನಿಲ್ಲುತ್ತದೆ. ಹೋದ ವಾರ ಅವನಿಗೆ ಸೀರೆ ಕೊಡಲು ಹೋದಾಗ ತುಂತುರು ಶುರುವಾಯಿತು. ಬಾಯಿ ತೆರೆದಿದ್ದ ಇಸ್ತ್ರಿ ಪೆಟ್ಟಿಗೆಯ ಕೆಂಡದ ಮೇಲೆ ನಾಲ್ಕು ಹನಿ ಬಿದ್ದು ಚುಸ್ ಅಂದವು. ಆ ವಾಸನೆ... ಸುಟ್ಟ ಮರದ್ದೂ ಅಲ್ಲ, ಒದ್ದೆ ಮಣ್ಣಿನದೂ ಅಲ್ಲ. ಎಷ್ಟು ಸೀರೆ ಎಂದು ಅವನು ತಮಿಳಿನಲ್ಲಿ ಎರಡು ಸಲ ಕೇಳಿದನಂತೆ. ನಾನು ಗಂಟು ಹಿಡಿದು ನಿಂತೇ ಇದ್ದೆ. ಆಮೇಲೆ ನನಗೇ ತಿಳಿಯದ ಹಾಗೆ ಅವನ ಗೋಣಿಗೆ ಕೈ ಹಾಕಿ ಎರಡು ತುಂಡು ಇದ್ದಿಲು ತೆಗೆದು ಒಂದಕ್ಕೊಂದು ತಾಗಿಸಿ ನೋಡಿದೆ. ಠಪ್ ಅಂದಿತು. ಬೆರಳೆಲ್ಲ ಕಪ್ಪಾಯಿತು. ಕೆಟ್ಟ ಇದ್ದಿಲು.

ಇದನ್ನು ನನಗೆ ಕಲಿಸಿದವಳು ನಮ್ಮ ಇದ್ದಿಲಕ್ಕ. ಒಳ್ಳೆಯ ಇದ್ದಿಲು ಕಂಚಿನ ಹಾಗೆ ದನಿ ಕೊಡಬೇಕು, ಬೆರಳಿಗೆ ಮಸಿ ಹತ್ತಬಾರದು. ಅವಳು ಹಾಗೆ ಹೇಳಿ ಐವತ್ತು ವರ್ಷ ದಾಟಿದೆ. ಮನೆಗೆ ಬಂದು ಕೈ ತೊಳೆದೆ. ಮಸಿ ಹೋಯಿತು, ಸಿಟ್ಟು ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನಗಾಗ ಹನ್ನೆರಡೋ ಹದಿಮೂರೋ ವಯಸ್ಸು. ಕಾವೇರಿಗೆ ಅಣೆಕಟ್ಟೆ ಕಟ್ಟುತ್ತಿದ್ದ ವರ್ಷಗಳು. ಅಪ್ಪ ಆ ಕೆಲಸದ ಕಛೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಗುಮಾಸ್ತರು. ಅಣೆಕಟ್ಟೆಯ ಪಕ್ಕದ ಕ್ಯಾಂಪಿನಲ್ಲಿ ಸಾಲುಮನೆಗಳಿದ್ದವು, ನಮ್ಮದು ಕೊನೆಯದು. ನಾನು ಸೇಲಂನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ, ರಜೆಗೆ ಮಾತ್ರ ಊರಿಗೆ. ರೈಲಿನಿಂದ ಇಳಿದರೆ ಮೊದಲು ಕಾಣುತ್ತಿದ್ದದ್ದು ಧೂಳು. ಗಾರೆಗೆ ಬೇಕಾದ ಸುಣ್ಣ ಸುಡುವ ಗೂಡು, ಇಟ್ಟಿಗೆ ಸುಡುವ ಗೂಡು, ಹಗಲೂ ಇರುಳೂ ಹೊಗೆ. ಅಮ್ಮ ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣವಾಗಿರುತ್ತಿತ್ತು. ಆ ಗೂಡುಗಳಿಗೆ ಸೌದೆ ಎಲ್ಲಿಂದ ಬರುತ್ತಿತ್ತು ಎಂದು ನಾನು ಯಾರನ್ನೂ ಕೇಳಿದವಳಲ್ಲ.

ಇದ್ದಿಲಕ್ಕ ಮಂಗಳವಾರ ಬರುತ್ತಿದ್ದಳು. ಹೊಳೆಯ ಆಚೆ ದಡದ ಹತ್ತು ಮನೆಯ ಒಂದು ಹಳ್ಳಿಯವಳು. ಅಲ್ಲಿನವರೆಲ್ಲ ನಮ್ಮ ಹಾಗೆ ಮನೆಯೊಳಗೆ ಕನ್ನಡ ಆಡುವವರು. ನಮ್ಮ ಕನ್ನಡಕ್ಕಿಂತ ಅವರದ್ದು ಒರಟು, ಆದರೆ ಬೆಚ್ಚಗೆ. ಹರಿಗೋಲಿನಲ್ಲಿ ದಾಟಿ, ತಲೆಯ ಮೇಲೆ ಒಂದರ ಮೇಲೊಂದು ಎರಡು ಕುಕ್ಕೆ ಹೊತ್ತು, ಹಿತ್ತಲ ಬಾಗಿಲಿಗೆ ಬಂದು ಕೆಮ್ಮುತ್ತಿದ್ದಳು. ಕರೆಯುತ್ತಿರಲಿಲ್ಲ, ಬರಿ ಕೆಮ್ಮು. ಅಮ್ಮ ಒಳಗಿಂದ "ಬಂದೆ" ಅನ್ನುತ್ತಿದ್ದರು. ಮಧ್ಯ ವಯಸ್ಸಿನ ಒಣಕಲು ಹೆಂಗಸು, ಗಂಡ ಇಲ್ಲ, ಹೆಣ್ಣುಮಕ್ಕಳಿಬ್ಬರನ್ನೂ ಕೊಟ್ಟಾಗಿತ್ತು. ಎಡಗಿವಿಯ ಓಲೆಯ ತೂತು ಹರಿದು ಎರಡಾಗಿತ್ತು. ಅದಕ್ಕೆ ಅವಳು ಬೇವಿನ ಕಡ್ಡಿಯ ಚೂರೊಂದನ್ನು ಸಿಕ್ಕಿಸಿಕೊಂಡಿರುತ್ತಿದ್ದಳು.

ಅವಳು ತಕ್ಕಡಿಗೆ ಒಪ್ಪುತ್ತಿರಲಿಲ್ಲ. ಅಳತೆ ಏನಿದ್ದರೂ ಕುಕ್ಕೆಯಲ್ಲೇ. ಪಕ್ಕದ ಮನೆಯವರು ತೂಕಕ್ಕೆ ಕೊಡು ಎಂದರೆ ಅವರಿಗೆ ಮಾರುತ್ತಲೇ ಇರಲಿಲ್ಲ. ನೀರು ಚಿಮುಕಿಸಿದ ಇದ್ದಿಲು ಭಾರ, ಅರೆಬೆಂದ ಇದ್ದಿಲು ಇನ್ನೂ ಭಾರ, ಚೆನ್ನಾಗಿ ಬೆಂದದ್ದು ಹಗುರ. ಹಾಗಾಗಿ ತೂಗಿದಷ್ಟೂ ಮೋಸವೇ ಹೆಚ್ಚು ಅನ್ನುವುದು ಅವಳ ವಾದ.

ನನ್ನ ಬಿಳಿ ಗವನು, ಬಿಳಿ ಕಾಲುಚೀಲ ಅವಳಿಗೆ ದೊಡ್ಡ ತಮಾಷೆ. ಒಂದು ಸಲ ನಮ್ಮ ಕಾನ್ವೆಂಟಿನ ಬಿಳಿಯ ಸಿಸ್ಟರುಗಳ ಉಡುಪೇನು ಎಂದು ಕೇಳಿದಳು. ಮೈತುಂಬ ಕಪ್ಪು ಬಟ್ಟೆ ಎಂದೆ. ಇದ್ದಿಲಕ್ಕ ಕುಕ್ಕೆ ಕೆಳಗಿಟ್ಟು ನಕ್ಕಳು. "ಪಾಪ, ಬೆಳ್ಗೆ ಹುಟ್ಬುಟ್ಟು ಕರೀ ಬಟ್ಟೆಗೆ ಕಾಸು ಸುರೀತಾರೆ. ನಂಗೆ ನೋಡು ಕೂಸೆ, ಆ ಖರ್ಚೇ ಇಲ್ಲ."

ಇದ್ದಿಲು ಸುಡುವ ಕಸುಬನ್ನು ಒಂದು ರಜೆಯಲ್ಲಿ ನಾನು ಕಣ್ಣಾರೆ ಕಂಡೆ. ಅಮ್ಮನನ್ನು ಕಾಡಿಬೇಡಿ ಅವಳ ಜೊತೆ ಹರಿಗೋಲು ಹತ್ತಿದ್ದೆ. ಅವರ ಹಳ್ಳಿಯ ಹಿಂದೆ ಒಂದು ಗುಡ್ಡ. ಅದರ ಇಳಿಜಾರು ಹತ್ತು ಮನೆಗೂ ಸೇರಿದ್ದು. ಸೇರಿದ್ದು ಅಂದರೆ ಪತ್ರವೇನೂ ಇಲ್ಲ, ಸರದಿ ಇತ್ತು. ಯಾವ ಮನೆಯವರು ಯಾವ ಕಡೆ ಕಡಿಯಬೇಕು ಎಂಬ ಲೆಕ್ಕವನ್ನು ಹೆಣ್ಣುಮಕ್ಕಳ ಮೇಲೆ ಇಟ್ಟಿದ್ದರು. ಮನೆಯಲ್ಲಿ ಹೆಣ್ಣು ಹುಟ್ಟಿದ ವರ್ಷ ಇಳಿಜಾರಿನ ಒಂದು ಪಟ್ಟಿ ಕಡಿದರೆ, ಆ ಹುಡುಗಿ ದೊಡ್ಡವಳಾಗುವ ತನಕ ಆ ಪಟ್ಟಿಯ ಮೇಲೆ ಮಚ್ಚು ಆಡಿಸುವ ಹಾಗಿಲ್ಲ. ಹುಡುಗಿ ಮೈನೆರೆಯುವ ಹೊತ್ತಿಗೆ ಮರವೂ ನೆರೆದಿರುತ್ತದೆ ಎಂದು ನಂಬಿಕೆ. ಹುಣಸೆ, ಹೊಂಗೆ ಮುಟ್ಟುವಂತಿಲ್ಲ. ದಿಂಡಿಗ, ಕಗ್ಗಲಿ ಕಡಿಯಬಹುದು, ಅದೂ ಬುಡಕ್ಕಲ್ಲ. ಮೊಣಕಾಲೆತ್ತರ ಬಿಟ್ಟು, ಓರೆಯಾಗಿ, ಒಂದೇ ಏಟಿಗೆ. ಓರೆ ಇದ್ದರೆ ಮಳೆನೀರು ಜಾರಿಹೋಗುತ್ತದೆ, ಮೋಟು ಕೊಳೆಯದೆ ಮತ್ತೆ ಚಿಗುರುತ್ತದೆ. ಒಂದು ಮೋಟಿನ ಮೇಲೆ ಅವಳು ನನ್ನ ಕೈ ಇಡಿಸಿದಳು. ಒಳಗೆ ಅವಳ ಅಜ್ಜಿಯ ಏಟು, ಅದರ ಮೇಲೆ ತಾಯಿಯದು, ಹೊರಗಿನದು ಅವಳದ್ದೇ. ಮೂರು ಓರೆ. ಸುತ್ತ ತೋಳಿನ ಗಾತ್ರದ ಎಳೆಕೊಂಬೆಗಳು.

ಸೌದೆ ಜೋಡಿಸಿ, ಹಸಿ ಸೊಪ್ಪು ಹೊದಿಸಿ, ಮಣ್ಣು ಮೆತ್ತಿ ಬೆಂಕಿ ಹಾಕಿದ ಮೇಲೆ ಮೂರು ನಾಲ್ಕು ದಿನ ಅಲ್ಲಿಂದ ಅಲುಗುವಂತಿಲ್ಲ. ಮೊದಲು ಬಿಳಿ ಹೊಗೆ, ಆಮೇಲೆ ಹಳದಿ, ಕೊನೆಗೆ ತೆಳ್ಳಗೆ ನೀಲಿ. ನೀಲಿ ಕಂಡ ಕೂಡಲೆ ಎಲ್ಲ ತೂತಿಗೂ ಮಣ್ಣು ಒತ್ತಬೇಕು, ತಡವಾದರೆ ಒಳಗೆ ಬರಿ ಬೂದಿ. ಅವಳು ಕೂತ ಜಾಗದಲ್ಲೇ ಮುದ್ದೆ ಮುರಿಯುತ್ತಾ, ಹೊಗೆಯನ್ನು ಮಗುವಿನ ಮುಖ ನೋಡುವ ಹಾಗೆ ನೋಡುತ್ತಾ... ನನಗೆ ಈಗಲೂ ಕಾಣುತ್ತದೆ.

ಮರು ವರ್ಷ ನಮ್ಮ ತರಗತಿಗೆ ಪ್ರಬಂಧ ಕೊಟ್ಟರು. ಸೌದೆ, ಸೀಮೆಎಣ್ಣೆ, ವಿದ್ಯುತ್ತು, ಇವುಗಳಲ್ಲಿ ಯಾವುದು ಮೇಲು? ನಾನು ಅಣೆಕಟ್ಟೆಯ ಊರಿನವಳು, ಬಿಡುತ್ತೇನೆಯೇ! ಸೌದೆ ಕಾಡನ್ನು ತಿನ್ನುತ್ತದೆ, ಹೆಂಗಸರ ಕಣ್ಣನ್ನು ತಿನ್ನುತ್ತದೆ. ಸೀಮೆಎಣ್ಣೆ ನಾರುತ್ತದೆ, ಗುಡಿಸಲನ್ನು ಸುಡುತ್ತದೆ. ಬೀಳುವ ನೀರಿನಿಂದ ತೆಗೆದ ವಿದ್ಯುತ್ತಿಗೆ ಮಾತ್ರ ಹೊಗೆಯಿಲ್ಲ, ಬೂದಿಯಿಲ್ಲ, ಅದರಿಂದ ಯಾರಿಗೂ ಕೇಡಿಲ್ಲ ಎಂದು ಬರೆದೆ. ಚಿನ್ನದಂಚಿನ ಚಿತ್ರದ ಕಾರ್ಡೊಂದು ಬಹುಮಾನ ಬಂತು.

ಬೇಸಿಗೆ ರಜೆಗೆ ಬಂದವಳು ಅದನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಇದ್ದಿಲಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಎಂಥ ಜಂಬ ನನಗೆ! ಯಾರ ಎದುರಿಗೆ ಏನು ಓದುತ್ತಿದ್ದೇನೆ ಎಂಬ ಪರಿವೆಯೇ ಇಲ್ಲ. ಅವಳು ಕುಕ್ಕೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ಪೂರ್ತಿ ಕೇಳಿದಳು. ಸೀಮೆಎಣ್ಣೆಯ ವಿಷಯಕ್ಕೆ ತಲೆಯಾಡಿಸಿದಳು. ಅದನ್ನು ಸೀಮೆಯಲ್ಲಿ ಯಾರ ಎದೆ ತೋಡಿ ತರುತ್ತಾರೋ ಎಂದಳು. ಕಾಡಿನ ವಿಷಯಕ್ಕೂ ಹೌದು ಹೌದು ಎಂದಳು. ತನ್ನದೂ ಕಾಡು ತಿನ್ನುವ ಕಸುಬೇ, ಆದರೆ ತಿಂದು ಎದ್ದು ಹೋಗುವವಳಲ್ಲ, ಬೆಳೆಯುವ ತನಕ ಅಲ್ಲೇ ಕಾಯುವವಳು ಅಂದಳು. ಕೊನೆಗೆ ಸೀರೆಯ ಮಡಿಲು ಕೊಡವಿಕೊಂಡು ಎದ್ದಳು.

"ಬೂದಿ ಇಲ್ದಿರೋ ಬೆಂಕಿ ಐತಾ ಕೂಸೆ? ನಂದು ನನ್ನ ಅಂಗಳದಲ್ಲೇ ಬೀಳ್ತದೆ, ಗುಡಿಸ್ತೀನಿ. ನಿನ್ನ ಕರೆಂಟಿಂದು ಯಾರ ಅಂಗಳದಲ್ಲಿ ಬೀಳ್ತದೆ ಅಂತ ಬರ್ದಿದ್ದೀಯಾ?"

ಅಪ್ಪ ಒಳಗಿನಿಂದ ಕೇಳಿ ನಕ್ಕರು. ನಿನ್ನ ಸಿಸ್ಟರಿಗಿಂತ ಇವಳೇ ಜೋರು ಎಂದರು. ನಾನು ಮುಖ ಊದಿಸಿಕೊಂಡೆ.

ಅದೇ ಬೇಸಿಗೆಯಲ್ಲಿ ಆಚೆ ದಡದಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ಎದ್ದವು. ನೀರು ಅಲ್ಲಿಯ ತನಕ ಬರುತ್ತದೆ ಎಂಬ ಗುರುತು. ಹತ್ತು ಮನೆ, ಹೊಲ, ಹೊಂಗೆ ತೋಪು, ಮಾರಮ್ಮನ ಗುಡಿ ಎಲ್ಲ ಕಲ್ಲಿನ ಕೆಳಗೆ. ಪಟ್ಟಾ ಇದ್ದವರಿಗೆ ಕೊಳತ್ತೂರಿನ ಕಡೆ ಬದಲಿ ನೆಲ ಕೊಡುವುದಾಗಿ ಡಂಗುರ ಹೊಡೆಸಿದರು. ಕಂಟ್ರಾಕ್ಟರನ ಆಳುಗಳು ಬಂದು ಕಣಿವೆಯ ಮರಗಳನ್ನು ಬುಡಸಮೇತ ಉರುಳಿಸಿದರು. ನೀರಿನಲ್ಲಿ ಹೇಗೂ ಕೊಳೆಯುವುದು ತಾನೆ ಎಂದು. ಆ ಹೊಂಗೆ, ಆ ಹುಣಸೆ ಎಲ್ಲವೂ ಗಾಡಿ ಗಾಡಿಯಾಗಿ ಸುಣ್ಣದ ಗೂಡಿಗೆ ಹೋದವು. ಹೊಗೆಯಿಲ್ಲದ ವಿದ್ಯುತ್ತು! ಅದನ್ನು ಹುಟ್ಟಿಸಲು ಎಷ್ಟು ಹೊಗೆ ಬೇಕಾಯಿತು ಎಂಬುದನ್ನು ನಾನು ಪಂಚೆಯ ಮೇಲೆ ದಿನಾ ನೋಡುತ್ತಿದ್ದೆ, ಪ್ರಬಂಧದಲ್ಲಿ ಒಂದು ಸಾಲು ಬರೆಯಲಿಲ್ಲ.

ಇದ್ದಿಲಕ್ಕನ ಮನೆ ಮುಳುಗುತ್ತಿತ್ತು, ಗುಡ್ಡದ ಇಳಿಜಾರು ಮಾತ್ರ ಬಿಳಿ ಕಲ್ಲಿಗಿಂತ ಮೇಲಿತ್ತು. ಅವಳಿಗೆ ಬೇರೇನೂ ಬೇಕಿರಲಿಲ್ಲ. ಬದಲಿ ನೆಲ ಬೇಡ, ದುಡ್ಡು ಬೇಡ, ಆ ಗುಡ್ಡದ ಪಕ್ಕದಲ್ಲಿ ಒಂದು ಗುಡಿಸಲು ಹಾಕಿಕೊಂಡು ಸರದಿಯ ಪ್ರಕಾರ ಕಡಿದುಕೊಂಡು ಇರಲು ಬಿಟ್ಟರೆ ಸಾಕು. ಹತ್ತು ಮನೆಯವರೂ ಅದನ್ನೇ ಬಯಸಿದ್ದರು. ಕಛೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಕೊಟ್ಟರೆ ದೊರೆ ಓದುತ್ತಾನೆ ಎಂದು ಯಾರೋ ಹೇಳಿದ್ದರಂತೆ. ಒಂದು ಮಂಗಳವಾರ ಅವಳು ಕುಕ್ಕೆಯಿಲ್ಲದೆ ಬಂದಳು. ಕೆಮ್ಮಲೂ ಇಲ್ಲ. ಒಗೆದ ಸೀರೆ ಉಟ್ಟು ಹಿತ್ತಲಲ್ಲಿ ನಿಂತಿದ್ದಳು.

ಅರ್ಜಿ ಬರೆದವಳು ನಾನು.

ಚಾಪೆ ಹಾಸಿ, ಮಸಿ ಕುಡಿಕೆ ಇಟ್ಟುಕೊಂಡು, ಸಿಸ್ಟರು ಹೇಳಿಕೊಟ್ಟ ಕ್ರಮದಲ್ಲೇ ಕೇಳುತ್ತಾ ಹೋದೆ. ನೀನು ಯಾರು, ಎಲ್ಲಿಯವಳು, ಕಸುಬು ಏನು, ಎಷ್ಟು ಕಾಲದಿಂದ, ಬೇಕಾದ್ದೇನು. ಅವಳು ನಿಂತುಕೊಂಡೇ ಹೇಳಿದಳು. ಕೂರು ಎಂದರೂ ಕೂರಲಿಲ್ಲ. ಕಸುಬಿನ ಮಾತು ಬಂದಾಗ ಬಾಗಿ ಕಾಗದವನ್ನು ನೋಡಿದಳು.

"ಗುಡ್ಡದಲ್ಲಿ ಕಡೀತೀನಿ ಅಂತ ಬರೀಬೇಕಾ?" ಎಂದಳು. "ಕಾಡಿನ ಗಾರ್ಡು ಗೀರ್ಡು ಓದಿದ್ರೆ..."

"ನಿಜ ಬರೆದರೆ ಹೆದರಿಕೆ ಯಾಕೆ ಅಕ್ಕ?" ಎಂದೆ ನಾನು.

ಹೌದು, ಹಾಗೇ ಅಂದೆ. ಪ್ರತಿ ಸೋಮವಾರ ಬೆಳಗಿನ ಪ್ರಾರ್ಥನೆಯ ನಂತರ ನಮಗೆ ಹೇಳುತ್ತಿದ್ದ ಮಾತು ಅದು, ನಿಜ ಹೇಳುವವರಿಗೆ ಯಾರೂ ಏನೂ ಮಾಡಲಾರರು. ಅಂಥ ಮಾತನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂದು ಅವರು ಕಲಿಸಿರಲಿಲ್ಲ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಬರಿ. ನೀನು ಓದಿದೋಳು," ಎಂದಳು.

ಅಜ್ಜಿಯ ಕಾಲದಿಂದ ಈ ಇಳಿಜಾರಿನಲ್ಲಿ ಮರ ಕಡಿದು ಇದ್ದಿಲು ಸುಡುತ್ತಾ ಬಂದಿದ್ದೇವೆ ಎಂದು ಬರೆದೆ. ಸರದಿ, ಓರೆ ಏಟು, ಹೆಣ್ಣುಮಕ್ಕಳ ಲೆಕ್ಕ, ಎಲ್ಲವನ್ನೂ ಬರೆದೆ. ಚೆಂದದ ಇಂಗ್ಲಿಷು. ಕೆಳಗೆ ಅವಳ ಹೆಸರು, ಗಂಡನ ಹೆಸರು, ಊರು. ಹೆಬ್ಬೆಟ್ಟು ಒತ್ತಿಸಿದರೆ ಗೆರೆಯೇ ಮೂಡಲಿಲ್ಲ. ಬಿಸಿ ಇದ್ದಿಲು ಹೆಕ್ಕಿ ಹೆಕ್ಕಿ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಬರಿ ಒಂದು ಕಪ್ಪು ಮಚ್ಚೆ ಬಿತ್ತು.

ಸಂಜೆ ಅಪ್ಪ ಬಂದರು. ಕೈಕಾಲು ತೊಳೆದು ಕಾಫಿ ಕುಡಿದ ಮೇಲೆ, ಕಛೇರಿಗೆ ತಲುಪಿಸಲೆಂದು ಅರ್ಜಿಯನ್ನು ಅವರ ಕೈಗಿತ್ತೆ. ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಮೊದಲಿನಿಂದ ಓದಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ, ಇದರಿಂದ ಅವಳಿಗೇನೂ ತೊಂದರೆಯಿಲ್ಲ ತಾನೆ ಎಂದು ಕೇಳಿದರು. ಅಪ್ಪ ಕಾಗದವನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದರು.

"ಅರ್ಜಿ ಕೊಡೋದು ಅವಳ ಹಕ್ಕು," ಎಂದರು. ನನ್ನ ತಲೆ ಸವರಿ, ಅಕ್ಷರ ಮುತ್ತಿನ ಹಾಗಿದೆ ಎಂದರು.

ನಾನು ಸೇಲಂಗೆ ಹೋದೆ. ದಸರಾ ರಜೆಗೆ ವಾಪಸು ಬಂದಾಗ ಹಿತ್ತಲಲ್ಲಿ ಬೇರೆ ಇದ್ದಿಲು ಬಿದ್ದಿತ್ತು. ಕಂಟ್ರಾಕ್ಟರನ ಗಾಡಿಯದು, ತೂಕದ್ದು, ಒದ್ದೆ. ಅಮ್ಮ ಅದನ್ನು ಬಿಸಿಲಿಗೆ ಹರವುತ್ತಿದ್ದರು. ಇದ್ದಿಲಕ್ಕ ಎಲ್ಲಿ ಎಂದೆ. ಅಮ್ಮ ಒಳಗೆ ಹೋಗಿ, ಮೊರ ತಂದು, ಅಕ್ಕಿ ಆರಿಸುತ್ತಾ ಕೂತು, ಆಮೇಲೆ ಹೇಳಿದರು. ಅವರಿಗೆ ಅದನ್ನು ಹೇಳಿದ್ದು ಹರಿಗೋಲಿನವನು.

ಅರ್ಜಿ ಕಛೇರಿಯಿಂದ ಕಾಡಿನ ಕಛೇರಿಗೆ ಹೋಗಿತ್ತು. ಗುಡ್ಡ ಎಂದೋ ಸರ್ಕಾರದ ರಿಜರ್ವು ಕಾಡು ಆಗಿತ್ತಂತೆ, ಅಲ್ಲಿ ಯಾರೂ ಕಡಿಯುವಂತಿಲ್ಲ. ಹತ್ತು ಮನೆಯವರಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವರ ಭಾಷೆಯಲ್ಲಿರಲಿಲ್ಲ. ಗಾರ್ಡುಗಳು ಒಬ್ಬ ಅಧಿಕಾರಿಯ ಜೊತೆ ಹಳ್ಳಿಗೆ ಬಂದು ಕಾಗದ ತೋರಿಸಿ ಇದು ನಿನ್ನ ಹೆಬ್ಬೆಟ್ಟಾ ಎಂದು ಕೇಳಿದರು. ಹೌದು ಸಾಮಿ ಎಂದಳು. ದೊರೆ ಓದಿದನಲ್ಲ, ಗುಡ್ಡ ಬಿಟ್ಟುಕೊಡಲು ಬಂದಿದ್ದಾರೆ ಎಂದುಕೊಂಡಳು. ಎಳನೀರು ಕೆತ್ತಿ ಕೊಟ್ಟಳು. ಆಮೇಲೆ ತಾನೇ ಮುಂದಾಗಿ ಅವರನ್ನು ಗುಡ್ಡಕ್ಕೆ ಹತ್ತಿಸಿದಳು.

ಒಂದೊಂದೇ ಮೋಟು ತೋರಿಸಿದಳಂತೆ. ಇದು ನಮ್ಮಜ್ಜಿಯ ಏಟು, ಇದು ನಮ್ಮವ್ವನದು, ಇದು ನಾನು ದೊಡ್ಡ ಮಗಳ ಹೊತ್ತಲ್ಲಿ ಕಡಿದದ್ದು, ನೋಡಿ ಹೆಂಗೆ ಚಿಗುರೈತೆ... ಅವಳಿಗೆ ಅದೇ ಪಟ್ಟಾ. ಕಾಗದ ಇಲ್ಲದವರು ಮತ್ತೇನನ್ನು ತೋರಿಸಬೇಕು? ಅಧಿಕಾರಿ ಪುಸ್ತಕ ಬಿಚ್ಚಿ ಗೀಟು ಹಾಕುತ್ತಾ ಬಂದನಂತೆ. ಅವನು ಬರೆಯುತ್ತಿದ್ದಾನೆ ಎಂದು ಅವಳಿಗೆ ಹಿಗ್ಗು. ಅಕ್ಕಪಕ್ಕದ ಮನೆಯವರ ಮೋಟುಗಳನ್ನೂ ಬಿಡದೆ ತೋರಿಸಿದಳು, ಅವರ ಹಕ್ಕೂ ಉಳಿಯಲಿ ಎಂದು. ಗುಡ್ಡ ಇಳಿದು ಬಂದ ಮೇಲೆ ಗೊತ್ತಾಯಿತು, ಒಂದೊಂದು ಗೀಟು ಒಂದೊಂದು ಅಪರಾಧ.

ದಂಡ ಹಾಕಿದರು. ಮಚ್ಚು, ಕುಕ್ಕೆ, ಸುಟ್ಟಿಟ್ಟಿದ್ದ ಇದ್ದಿಲು, ಹಾಲು ಕರೆಯುತ್ತಿದ್ದ ಎಮ್ಮೆ, ಎಲ್ಲ ಹೋಯಿತು. ಹತ್ತು ಮನೆಯವರಿಗೂ ಗುಡ್ಡಕ್ಕೆ ಕಾಲಿಡಬಾರದೆಂದು ತಾಕೀತು ಆಯಿತು. ಊರಿನವರು ಅವಳ ಮನೆಯ ಮುಂದೆ ಮಣ್ಣು ತೂರಿದರಂತೆ. ಬೆಂಕಿ ಕೊಡುವುದನ್ನು ನಿಲ್ಲಿಸಿದರು. ಒಲೆಗೆ ಒಂದು ಕೆಂಡ ಕೇಳಿದರೆ ಹತ್ತು ಮನೆಯಲ್ಲಿ ಒಬ್ಬರೂ ಕೊಡಲಿಲ್ಲ, ಇದ್ದಿಲಕ್ಕನಿಗೆ.

ನಾನು ಎದ್ದು ಅಪ್ಪನ ಹತ್ತಿರ ಹೋದೆ. ಅವರು ತಟ್ಟೆಯ ಮುಂದೆ ಕೂತಿದ್ದರು. ನಮ್ಮಪ್ಪ ಒಂದು ದಿನ ನನ್ನ ಮೇಲೆ ಕೈ ಮಾಡಿದವರಲ್ಲ, ಗದರಿದವರೂ ಅಲ್ಲ. ಗುಡ್ಡ ರಿಜರ್ವು ಅಂತ ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ಅವರು ಇಡ್ಲಿಯ ತುಂಡನ್ನು ಚಟ್ನಿಯಲ್ಲಿ ಹೊರಳಿಸಿದರು.

"ಕರೆಂಟಿನ ಕಂಬಗಳು ಸೇಲಂಗೆ ಹೋಗೋದು ಆ ಗುಡ್ಡದ ಮೇಲೇ ಮಗೂ. ನಕ್ಷೆ ನಾನೇ ನಕಲು ತೆಗೆದದ್ದು. ಯಾರಾದರೂ ಹಕ್ಕು ಅಂತ ಅಡ್ಡ ಕೂತರೆ ಕೆಲಸ ನಿಲ್ಲತ್ತೆ. ಎಲ್ಲರಿಗೂ ಒಳ್ಳೇದಾಗೋ ಕೆಲಸ."

ಇಷ್ಟೇ. ತಮಗೆ ಗೊತ್ತಿತ್ತು ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ಬರೆದ ಅರ್ಜಿ ಅವರಿಗೆ ಬಹಳ ಅನುಕೂಲವಾಯಿತು ಎಂದೂ ಹೇಳಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಹತ್ತು ಮನೆಯವರನ್ನು ಎಬ್ಬಿಸಲು ತಿಂಗಳುಗಟ್ಟಲೆ ಬೇಕಿತ್ತು. ಮಗಳ ಮುತ್ತಿನಂಥ ಅಕ್ಷರದಿಂದ ಒಂದೇ ದಿನದಲ್ಲಿ ಆಯಿತು. ಗುಡ್ಡದ ಮೇಲೆ ಕಂಬಗಳ ದಾರಿಗೆಂದು ಅಗಲಕ್ಕೆ ಪಟ್ಟಿ ಕಡಿದರು, ಬುಡ ಅಗೆದು, ಬೇರು ಕಿತ್ತು. ಅವರಿಗೆ ಯಾವ ದಂಡವೂ ಬೀಳಲಿಲ್ಲ. ತಂತಿಯ ಕೆಳಗೆ ಏನೂ ಚಿಗುರಬಾರದು ಎನ್ನುವುದೇ ಅವರ ಕಾನೂನು. ಚಿಗುರಲಿ ಎಂದು ಓರೆಯಾಗಿ ಕಡಿದವಳು ಕಳ್ಳಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ವಿದ್ಯುತ್ತಿನ ಶತ್ರುವಲ್ಲ. ನಮ್ಮ ಅಮ್ಮ ನಲವತ್ತಕ್ಕೇ ಕಣ್ಣು ಮಂಜು ಮಾಡಿಕೊಂಡರು, ಹಸಿ ಸೌದೆ ಊದಿ ಊದಿ. ಒಲೆಯ ಮುಂದೆ ಕೆಮ್ಮುತ್ತಾ ಮುದುಕಿಯರಾದ ಹೆಂಗಸರನ್ನು ಎಣಿಸಲು ನನಗೆ ಬೆರಳು ಸಾಲದು. ಕೆಳಗೆ ತಂಜಾವೂರಿನ ಗದ್ದೆಗಳಿಗೆ ನೀರು ಹೋಯಿತು, ಅಲ್ಲಿನ ಮಕ್ಕಳು ಉಂಡರು, ಅದೂ ನಿಜ. ಒಂದು ಬೆಂಕಿಗಿಂತ ಇನ್ನೊಂದು ಮೇಲು ಎಂದು ತೂಗಿ ನೋಡಲೇಬೇಕು, ಬೇರೆ ದಾರಿಯಿಲ್ಲ. ಆದರೆ ತಕ್ಕಡಿ ಹಿಡಿದವರು ಯಾವತ್ತೂ ಆ ಬಿಳಿ ಕಲ್ಲಿನ ಮೇಲ್ಗಡೆಯವರೇ. ಮುಳುಗುವವರನ್ನು ತಟ್ಟೆಯಲ್ಲಿ ಇಡುವುದೇ ಇಲ್ಲ. ಇಡದೆ ಹೋದರೂ ಸಹಿಸಬಹುದಿತ್ತೇನೋ, ಅವರನ್ನು ಕಳ್ಳರೆಂದು ಕರೆದು ಆಚೆ ತಳ್ಳುತ್ತಾರಲ್ಲ...

ಅವಳನ್ನು ಕೊನೆಯ ಸಲ ನೋಡಿದ್ದು ಆ ವರ್ಷ ಕ್ರಿಸ್ಮಸ್ ರಜೆಯಲ್ಲಿ. ಅಷ್ಟರಲ್ಲಿ ನೀರು ಏರಿ ಹಳ್ಳಿ ಹೋಗಿತ್ತು. ಅಮ್ಮ ನನ್ನನ್ನು ಕರೆದುಕೊಂಡು ಕೊಳತ್ತೂರಿನ ಸಂತೆಗೆ ಹೊರಟರು. ಸಂತೆ ನೆಪ. ಊರಾಚೆ, ಬದಲಿ ನೆಲ ಎಂದು ಕೊಟ್ಟ ಕಲ್ಲುಭೂಮಿಯ ಪಕ್ಕ, ಆ ಹತ್ತು ಮನೆಯ ಹೆಂಗಸರು ರಸ್ತೆಗೆ ಜಲ್ಲಿ ಒಡೆಯುತ್ತಿದ್ದರು. ಎಲ್ಲರೂ ಒಂದು ಕಡೆ ಗುಂಪಾಗಿ, ಒಬ್ಬಳು ಮಾತ್ರ ಅವರಿಗೆ ಬೆನ್ನಾಗಿ ದೂರ ಕೂತಿದ್ದಳು. ಬೇವಿನ ಕಡ್ಡಿಯಿಂದ ಗುರುತು ಹಿಡಿದೆ. ತಲೆ, ಮುಖ, ಕೈ, ರೆಪ್ಪೆ ಎಲ್ಲ ಕಲ್ಲುಪುಡಿಯಿಂದ ಬೆಳ್ಳಗಾಗಿದ್ದವು.

"ನೋಡು ಕೂಸೆ," ಎಂದಳು, ಸುತ್ತಿಗೆ ಕೆಳಗಿಡದೆ. "ನಾನೂ ನಿಮ್ಮ ಇಸ್ಕೂಲಮ್ಮಗಳಂಗೆ ಬೆಳ್ಗಾದೆ."

ನನಗೆ ಅಳು ಬಂತು. ಅಮ್ಮ ತಂದಿದ್ದ ಅವಲಕ್ಕಿ ಗಂಟನ್ನು ಅವಳ ಪಕ್ಕದಲ್ಲಿಟ್ಟರು. ಅವಳು ಅದನ್ನು ನೋಡಲಿಲ್ಲ. ಹೆಣ್ಣುಮಕ್ಕಳು ಕರೆಯಲು ಬಂದಿದ್ದರಂತೆ, ಅಳಿಯಂದಿರ ಮನೆ ಬಾಗಿಲು ಕಾಯುವುದಿಲ್ಲ ಎಂದು ಕಳಿಸಿದಳಂತೆ. ಎರಡು ಕಲ್ಲು ಒಡೆದ ಮೇಲೆ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಒಂದು ಕೇಳ್ತೀನಿ. ಆ ಕಾಗ್ದ ಕಛೇರಿಗೆ ಓಗೋಕೆ ಮುಂಚೆ ನಿಮ್ಮಪ್ಪಾರು ಓದಿದ್ರಾ?"

ನನಗೆ ಆಗ ಹದಿನಾಲ್ಕು. ಏನು ಕೇಳುತ್ತಿದ್ದಾಳೆ ಎಂದು ತಿಳಿಯದ ವಯಸ್ಸಲ್ಲ. ಅಮ್ಮ ತಮ್ಮ ಕಾಲ್ಬೆರಳು ನೋಡುತ್ತಾ ನಿಂತರು. ದೂರದ ಹೆಂಗಸರ ಸುತ್ತಿಗೆಗಳು ನಿಂತಿದ್ದವು, ಅವರೂ ಕಿವಿಗೊಟ್ಟಿದ್ದರೋ ಏನೋ. ಓದಿದ್ದರು ಎಂದಿದ್ದರೆ ಅವಳ ತಪ್ಪಲ್ಲ, ಅವಳನ್ನು ತಿಳಿದೂ ತಿಳಿದೂ ದೂಡಿದರು ಎಂದು ಆ ಹತ್ತು ಮನೆಯವರಿಗಾದರೂ ಗೊತ್ತಾಗುತ್ತಿತ್ತು. ಅವಳಿಗೆ ಒಲೆಗೊಂದು ಕೆಂಡ ಸಿಗುತ್ತಿತ್ತು.

"ಇಲ್ಲ ಅಕ್ಕ," ಎಂದೆ.

ಅವಳು ನನ್ನನ್ನೇ ನೋಡಿದಳು. ಹೊಗೆಯ ಬಣ್ಣ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ, "ಅಂಗಾದ್ರೆ ಸರಿ," ಎಂದು ಇನ್ನೊಂದು ಕಲ್ಲು ಎಳೆದುಕೊಂಡಳು. ದೂರದ ಸುತ್ತಿಗೆಗಳು ಮತ್ತೆ ಶುರುವಾದವು.

 ಮನೆ ಹತ್ತಿರ ಬಂದಾಗ ಅಮ್ಮ, ಅಪ್ಪನಿಗೆ ಇದನ್ನು ಹೇಳಬೇಡ ಎಂದರು. ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಸಾಲುಮನೆಗಳಿಗೆ ಕರೆಂಟು ಬಂತು. ಅಮ್ಮ ದೀಪದ ಸ್ವಿಚ್ಚಿನ ಗುಂಡಿಗೆ ಕುಂಕುಮ ಇಟ್ಟು, ನನ್ನ ಕೈಯಿಂದಲೇ ಒತ್ತಿಸಿದರು. ಬೆಳಕು ಬಿತ್ತು. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಅಮ್ಮ ಆ ರಾತ್ರಿ ಅಕ್ಕಿಯ ಕಲ್ಲುಗಳನ್ನು ಒಂದೂ ಬಿಡದೆ ಆರಿಸಿದರು. ಇದ್ದಿಲಕ್ಕ ಆ ಹೊತ್ತಿಗೆ ಆ ಕಲ್ಲುಭೂಮಿಯಲ್ಲೂ ಇರಲಿಲ್ಲ. ಹೊಗೆನಕಲ್ ಕಡೆ ಹೋದಳು ಎಂದರು ಕೆಲವರು, ಧರ್ಮಪುರಿಯ ಆಸ್ಪತ್ರೆಯಲ್ಲಿ ತೀರಿದಳು ಎಂದರು ಕೆಲವರು. ಖಚಿತವಾಗಿ ತಿಳಿದುಕೊಂಡು ಬರುವಷ್ಟು ದೂರ ನಾನು ಎಂದೂ ನಡೆಯಲಿಲ್ಲ. ಮದುವೆ, ಮಕ್ಕಳು, ಬಾಣಂತನ, ಶ್ರಾದ್ಧ... ನೆಪಕ್ಕೆ ಬರವೇ.

ಈಗ ಪೇಪರಿನಲ್ಲಿ ದಿನಾ ಇದೇ ಚರ್ಚೆ. ಕಲ್ಲಿದ್ದಲು ಮೇಲೋ, ನೀರು ಮೇಲೋ, ಅಣು ಮೇಲೋ. ಒಂದು ಯೂನಿಟ್ಟಿಗೆ ಯಾವುದು ಅಗ್ಗ. ಈಗ ಅಣೆಕಟ್ಟೆಯ ಪಕ್ಕದಲ್ಲೇ ಕಲ್ಲಿದ್ದಲಿನ ಚಿಮಣಿಗಳೂ ಎದ್ದಿವೆ. ಆ ಕಡೆಯ ಹೆಂಗಸರು ಒಣಹಾಕಿದ ಬಟ್ಟೆಯಿಂದ ಬೂದಿ ಕೊಡವುತ್ತಾರಂತೆ. ನನ್ನ ಮನೆಯವರು ಓದಿ ಮುಗಿಸಿದ ಮೇಲೆ ನಾನು ಆ ಲೇಖನಗಳನ್ನು ಸಾಲು ಬಿಡದೆ ಓದುತ್ತೇನೆ. ಎಲ್ಲರದೂ ಚೆಂದದ ಭಾಷೆ. ಎಲ್ಲರೂ ನಿಜವನ್ನೇ ಬರೆದಿರುತ್ತಾರೆ. ಓದಿದ ಮೇಲೆ ಪೇಪರನ್ನು ಅಂಚಿಗೆ ಅಂಚು ಸೇರಿಸಿ ಮಡಿಸುತ್ತೇನೆ. ಅಚ್ಚುಕಟ್ಟು ಎಂದು ಮನೆಯವರು ಅಂದುಕೊಳ್ಳುತ್ತಾರೆ.

ಅವಳ ಹೆಸರು ನನಗೆ ಗೊತ್ತು, ಮರೆತಿಲ್ಲ. ಒಮ್ಮೆ ಅದನ್ನು ಅಂದವಾಗಿ ಬರೆದೆ, ಪಕ್ಕದಲ್ಲಿ ಗೆರೆಯಿಲ್ಲದ ಹೆಬ್ಬೆಟ್ಟು ಒತ್ತಿಸಿದೆ, ಅದನ್ನು ಹಿಡಿದುಕೊಂಡು ಅವರು ಅವಳ ಮನೆಗೆ ಬಂದರು. ಇನ್ನೊಂದು ಸಲ ಯಾವ ಕಾಗದದ ಮೇಲೂ ನಾನು ಅದನ್ನು ಬರೆಯುವುದಿಲ್ಲ.

ಅವಳು ಕೇಳಿದ್ದಕ್ಕೆ ಉತ್ತರವನ್ನು ಮಾತ್ರ ಬರೆಯುತ್ತೇನೆ. ಕೇಳಿಸಿಕೊಳ್ಳಲು ಅವಳಿಲ್ಲ, ಅಪ್ಪನೂ ಇಲ್ಲ, ಆ ಹತ್ತು ಮನೆಯವರಲ್ಲಿ ಯಾರಿದ್ದಾರೋ ತಿಳಿಯದು. ಆದರೂ...

ಓದಿದ್ದರು ಅಕ್ಕ. ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದ್ದರು.